ಬಂಪರಿನ ಮಸಿ, ಬಂಪರಿನ ಬಳಪ

ಐದಾರು ವರ್ಷ ಬಿಸಿಲಲ್ಲಿ ನಿಂತ ಕಾರಿನ ಕಪ್ಪು ಬಂಪರ್ ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು 'ಬಣ್ಣ ಹೋಗಿದೆ' ಎಂದು. ಬಾಗಿಲಿನುದ್ದದ ಪಟ್ಟಿ, ಹೊರಗನ್ನಡಿಯ ಕವಚ, ವೈಪರ್ ಕೆಳಗಿನ ಜಾಲರಿ ಎಲ್ಲವೂ ಒಂದೊಂದಾಗಿ ಬೂದಿ ಬಳಿದುಕೊಂಡ ಹಾಗೆ ಕಾಣತೊಡಗುತ್ತವೆ. ಸವರಿದರೆ ಬೆರಳಿಗೆ ಬಿಳಿಚು ಪುಡಿ ಅಂಟುತ್ತದೆ. ಆದರೆ ಈ ಭಾಗಗಳಿಗೆ ಮೇಲಿನಿಂದ ಬಳಿದ ಬಣ್ಣವೇ ಇಲ್ಲ. ಕಪ್ಪು ಅವುಗಳ ಮೈಯೊಳಗೇ ಬೆರೆತಿದೆ. ಹಾಗಾದರೆ ಹೋದದ್ದು ಏನು? ಅದನ್ನು ಮರಳಿ ತರುವುದೆಂದರೆ ಏನನ್ನು ತಂದ ಹಾಗೆ? ನಾನು ಪಿಎಚ್.ಡಿ.ಗಾಗಿ ಓದುತ್ತಿರುವುದು ಕನ್ನಡನಾಡಿನ ಹಳೆಯ ಕಡತಗಳ ಬಗ್ಗೆ. ಅದಕ್ಕೂ ಕಾರಿನ ಬಂಪರಿಗೂ ನಂಟೊಂದಿದೆ. ಅಲ್ಲಿಗೆ ಹೋಗಲು ಸ್ವಲ್ಪ ಸುತ್ತು ಹಾದಿ ಹಿಡಿಯಬೇಕು.

ಕಾರಿನ ಬಂಪರ್ ಬಹುಕಾಲ ಉಕ್ಕಿನದಾಗಿತ್ತು, ಮೇಲೆ ಕ್ರೋಮಿಯಂ ಹೊಳಪು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ನಗುಮುಖ ಅದೇ. 1954ರಲ್ಲಿ ಇಟಲಿಯ ರಸಾಯನವಿಜ್ಞಾನಿ ಜೂಲಿಯೊ ನಾಟ್ಟಾ, ಜರ್ಮನಿಯ ಕಾರ್ಲ್ ಜೀಗ್ಲರ್ ತೋರಿಸಿದ ದಾರಿಯಲ್ಲಿ ಸಾಗಿ, ಗಟ್ಟಿಯಾದ ಪಾಲಿಪ್ರೊಪಿಲೀನ್ ತಯಾರಿಸಿದ. 1963ರ ನೊಬೆಲ್ ಇಬ್ಬರಿಗೂ ಸಂದಿತು. 1972ರಲ್ಲಿ ಫ್ರಾನ್ಸಿನ ರೆನೋ 5 ಕಾರು ಕ್ರೋಮಿಯಂ ಬಿಟ್ಟು ಪ್ಲಾಸ್ಟಿಕ್ ಬಂಪರ್ ತೊಟ್ಟು ಬಂತು. ಅದರ ಪ್ಲಾಸ್ಟಿಕ್ ಬೇರೆ ಬಗೆಯದು, ನಾರುಗಾಜು ಬೆರೆಸಿದ ಪಾಲಿಯೆಸ್ಟರ್. ಅದರ ಬಣ್ಣ ಹುಟ್ಟುವಾಗಲೇ ಬೂದು! ಮರುವರ್ಷದ ಮಾದರಿಗಳಿಂದ ಅಮೆರಿಕ, ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಮುಂದುಗಡೆ ಡಿಕ್ಕಿಯಾದರೂ ದೀಪಗಳಂಥ ಭಾಗಗಳು ಕೆಡಬಾರದೆಂಬ ನಿಯಮ ತಂದಿತು. ಬಾಗಿ ಮತ್ತೆ ನೆಟ್ಟಗಾಗುವ ವಸ್ತುವಿಗೆ ಬೇಡಿಕೆ ಬಂತು. 1980ರ ಫಿಯೆಟ್ ಪಾಂಡಾದ ಹೊತ್ತಿಗೆ ಬಣ್ಣ ಬಳಿಯದ ಪ್ಲಾಸ್ಟಿಕ್ ಅಗ್ಗದ ಕಾರಿನ ಗುರುತೇ ಆಗಿತ್ತು. ನಮ್ಮಲ್ಲಿ ಮಾರುತಿ 800ರ ಕಡಿಮೆ ಬೆಲೆಯ ಮಾದರಿಗಳು ಆ ಕಪ್ಪನ್ನು ಊರೂರಿಗೆ ತಂದವು. ಮೈಬಣ್ಣದ ಬಂಪರಿಗೆ ಹೆಚ್ಚು ಹಣ, ಬರೀ ಕಪ್ಪಿಗೆ ಕಡಿಮೆ. ಬಣ್ಣ ಬಳಿಯುವ ಖರ್ಚು ಕಾರ್ಖಾನೆಗೆ ಉಳಿಯಿತು. ಮುಂದೆ ಅದನ್ನು ಕಪ್ಪಗೆ ಇಟ್ಟುಕೊಳ್ಳುವ ಖರ್ಚು ಮಾತ್ರ ಕೊಂಡವರ ತಲೆಗೆ ಬಂತು.

ಕಪ್ಪೇ ಏಕೆ? ಆ ಕಪ್ಪು ಮಸಿ, ಎಣ್ಣೆಯನ್ನೋ ಅನಿಲವನ್ನೋ ಅರೆಬರೆ ಉರಿಸಿ ಹಿಡಿದ ನುಣುಪಾದ ಇಂಗಾಲ. ಮಸಿ ಎಂದರೆ ದೀಪದ ಕಾಡಿಗೆಯೂ ಹೌದು, ಬರೆಯುವ ಶಾಯಿಯೂ ಹೌದು ಎಂಬುದನ್ನು ಕನ್ನಡ ಮೊದಲೇ ಬಲ್ಲುದು. ಇಪ್ಪತ್ತನೆಯ ಶತಮಾನ ಅದಕ್ಕೆ ಇನ್ನೆರಡು ಕಸುಬು ಕೊಟ್ಟಿತು. ಮೊದಲ ಕಾಲದ ಟೈರುಗಳು ಬಿಳಿಚಾಗಿದ್ದವು. ಮಸಿ ಬೆರೆಸಿದರೆ ರಬ್ಬರು ಹಲವು ಪಟ್ಟು ಗಟ್ಟಿಯಾಗುತ್ತದೆಂದು 1904ರ ಸುಮಾರಿಗೆ ಇಂಗ್ಲೆಂಡಿನ ಸಿಲ್ವರ್‌ಟೌನಿನಲ್ಲಿ ತಿಳಿದ ಮೇಲೆ ನಿಧಾನವಾಗಿ ಲೋಕದ ಟೈರುಗಳೆಲ್ಲ ಕಪ್ಪಾದವು. ಆಮೇಲೆ ಅಮೆರಿಕದ ಬೆಲ್ ಪ್ರಯೋಗಾಲಯದವರು ದೂರವಾಣಿ ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ಬಿಸಿಲಿಗೊಡ್ಡಿ ನೋಡಿದರು. ನೂರಕ್ಕೆ ಎರಡು ಪಾಲಿನಷ್ಟು ನುಣ್ಣನೆಯ ಮಸಿ ಇದ್ದರೂ ಸಾಕು, ಅದು ಅತಿನೇರಳೆ ಕಿರಣಗಳನ್ನು ತಾನೇ ನುಂಗಿ ಪ್ಲಾಸ್ಟಿಕ್ಕನ್ನು ಉಳಿಸುತ್ತಿತ್ತು. ನಮ್ಮ ತಾರಸಿಗಳ ಮೇಲಿನ ಕರಿ ನೀರಿನ ಟ್ಯಾಂಕು, ಹೊಲಕ್ಕೆ ನೀರು ಒಯ್ಯುವ ಕರಿ ಪೈಪು ಇದೇ ಉಪಾಯದಿಂದ ಬಾಳುತ್ತವೆ.

ಮಸಿ ಇಷ್ಟು ಒಳ್ಳೆಯ ಕಾವಲುಗಾರನಾದರೆ ಬಂಪರ್ ಬೂದಾಗುವುದು ಹೇಗೆ? ಅದು ಕಾಯುವುದು ಒಳಗಿನದನ್ನು. ಎಲ್ಲಕ್ಕಿಂತ ಮೇಲಿನ ತೆಳು ಪೊರೆ ಬಿಸಿಲಿಗೆ ನೇರವಾಗಿ ಸಿಗುತ್ತದೆ. ಪಾಲಿಪ್ರೊಪಿಲೀನ್ ಅಣುಸರಪಳಿಯಲ್ಲಿ ಸುಲಭವಾಗಿ ಕಳಚಿಕೊಳ್ಳುವ ಹೈಡ್ರೋಜನ್ ಸಾಲಾಗಿ ಕೂತಿರುತ್ತದೆ. ಬಿಸಿಲು ಅದನ್ನು ಕಿತ್ತರೆ ಆಮ್ಲಜನಕ ಆ ಜಾಗಕ್ಕೆ ಬಂದು ಕೂರುತ್ತದೆ, ಸರಪಳಿ ತುಂಡಾಗುತ್ತದೆ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಏಳುತ್ತವೆ, ಬೆಳಕು ಅಲ್ಲಿ ಚದುರಿ ಬೂದಿಯಂತೆ ತೋರುತ್ತದೆ. ಜೊತೆಗೆ ಇನ್ನೊಂದಿದೆ. ಬಿಗಿ ಬರಲೆಂದು ಹಲವು ಬಂಪರ್‌ಗಳಲ್ಲಿ ತೂಕದ ಶೇ. 10ರಿಂದ 20ರಷ್ಟು ಟಾಲ್ಕ್ ಪುಡಿ ಬೆರೆಸಿರುತ್ತಾರೆ. ಪೊರೆ ಸವೆದಂತೆ ಆ ಬಿಳಿ ಪುಡಿ ಹೊರಗೆ ಬರುತ್ತದೆ. ಟಾಲ್ಕ್ ಎಂದರೆ ಬಳಪದ ಕಲ್ಲಿನ ಖನಿಜ. ನಾವು ಸ್ಲೇಟಿನ ಮೇಲೆ ಬರೆದದ್ದು ಆ ಕಲ್ಲಿನ ಕಡ್ಡಿಯಿಂದಲೇ.

ನನ್ನ ಕಡತಗಳು ಇಲ್ಲಿ ಬಂದು ಸೇರುತ್ತವೆ. ಕಡತವೆಂದರೆ ಹತ್ತಿ ಬಟ್ಟೆಯ ಉದ್ದ ಪಟ್ಟಿ. ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅಂಗಡಿಯ ಲೆಕ್ಕ, ಮಠದ ವ್ಯವಹಾರ ಅದರಲ್ಲಿರುತ್ತಿತ್ತು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ಮೊದಲ ಸಂಪುಟದಲ್ಲೇ ಇದನ್ನು ವಿವರಿಸಿದ್ದಾನೆ. ಒಂದು ಕಡೆ ಇಂಗಾಲ, ಇನ್ನೊಂದು ಕಡೆ ಬಳಪ: ಕಡತದಲ್ಲಿ ಇರುವುದು ಇವೆರಡೇ. ಬಂಪರಿನಲ್ಲೂ ನಮ್ಮ ಕಣ್ಣಿಗೆ ಬೀಳುವುದು ಇವೆರಡೇ. ಕಡತದಲ್ಲಿ ಬಿಳಿಯೇ ಬರಹ. ಬಂಪರಿನ ಬಿಳಿಯೂ ಒಂದು ಬರಹವೇ, ಕಾರು ಎಷ್ಟು ಬಿಸಿಲು ಕಂಡಿತು, ಯಾವ ಮಗ್ಗುಲಿಗೆ ನಿಂತಿತ್ತು ಎಂಬುದರ ಲೆಕ್ಕ. ನಂಬರ್ ಪ್ಲೇಟ್ ಬಿಚ್ಚಿ ನೋಡಿ. ಅದರ ಹಿಂದಿನ ಆಯತ ಹೊಸದರಂತೆ ಕಪ್ಪಗಿರುತ್ತದೆ.

ನನ್ನ ಸೋದರಮಾವ ಹಾಸನದಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಹೋದ ವರ್ಷ ಕಾರು ಮಾರಲು ಹೊರಟಾಗ ವ್ಯಾಪಾರಿಯೊಬ್ಬ ಬೂದು ಬಂಪರ್ ತೋರಿಸಿಯೇ ಬೆಲೆ ಇಳಿಸಿದ. "ಎಂಜಿನ್ ಎಷ್ಟು ಚೆನ್ನಾಗಿದೆ ಅಂದ್ರೂ ಅವನು ಬರೀ ಮುಖ ನೋಡ್ತಾನೆ ಕಣೋ" ಎಂದರು ಮಾವ. ಮುಖ ತೊಳೆಯುವ ದಾರಿಗಳು ಮೂರು. ಮೊದಲನೆಯದು ಎಣ್ಣೆ. ತೆಂಗಿನೆಣ್ಣೆಯೋ, ಅಂಗಡಿಯ ಸಿಲಿಕೋನ್ ಪಾಲಿಶೋ ಬಿರುಕುಗಳನ್ನು ತುಂಬುತ್ತದೆ, ಬೆಳಕು ಚದುರುವುದು ನಿಲ್ಲುತ್ತದೆ, ಒದ್ದೆ ಕಲ್ಲು ಕಪ್ಪಗೆ ಕಾಣುವ ಹಾಗೆ. ನಾಲ್ಕು ಮಳೆಗೆ ಅದು ಮುಗಿಯಿತು. ಎರಡನೆಯದು ಹೀಟ್ ಗನ್. ಬಿಸಿಗಾಳಿ ಮೇಲಿನ ಪೊರೆಯನ್ನು ಕರಗಿಸಿದಾಗ ಕಪ್ಪು ಕ್ಷಣದಲ್ಲಿ ಹೊಮ್ಮುತ್ತದೆ, ನೋಡಲು ಮಾಯೆಯಂತಿರುತ್ತದೆ. ಆದರೆ ಬಿಸಿಲು ತಿಂದುಹಾಕಿದ ರಕ್ಷಕ ರಾಸಾಯನಿಕ ಬಿಸಿಗಾಳಿಯಿಂದ ಮರಳುವುದಿಲ್ಲ. ಬೂದು ಮತ್ತೆ ಬರುತ್ತದೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೈ ಸ್ವಲ್ಪ ನಿಧಾನವಾದರೂ ಬಂಪರ್ ಸೊಟ್ಟಗಾದೀತು. ಮೂರನೆಯದು ಹೊಸ ಲೇಪ. ಸೋಪಿನಿಂದ ತಿಕ್ಕಿ ತೊಳೆದು, ಸ್ಪಿರಿಟ್‌ನಲ್ಲಿ ಜಿಡ್ಡು ಒರೆಸಿ, ಪೂರ್ತಿ ಒಣಗಿಸಿ, ನೆರಳಲ್ಲಿ ತೆಳುವಾಗಿ ಬಳಿಯಬೇಕು. ಜಿಡ್ಡು ಉಳಿದರೆ ಲೇಪ ಹಪ್ಪಳೆ ಏಳುತ್ತದೆ. ಚೆನ್ನಾಗಿ ಹಿಡಿದರೆ ಎಣ್ಣೆಗಿಂತ ಬಹಳ ಕಾಲ ನಿಲ್ಲುತ್ತದೆ, ಮುಂದಿನ ಬಿಸಿಲನ್ನೂ ಅಷ್ಟಿಷ್ಟು ತಡೆಯುತ್ತದೆ.

ಹಳೆಯ ಹಸ್ತಪ್ರತಿ ಕಾಯುವವರ ನಿಯಮ ಬೇರೆ: ಆದಷ್ಟು ಕಡಿಮೆ ಕೈಹಾಕಬೇಕು, ಮಾಡಿದ್ದನ್ನು ಮುಂದಿನವರು ಬಿಚ್ಚುವಂತಿರಬೇಕು. ಸಂಗ್ರಹಾಲಯದ ಕಡತಕ್ಕೆ ಹೊಸ ಇದ್ದಿಲು ಬಳಿದರೆ ಅದು ಸಂರಕ್ಷಣೆಯಾಗದು, ಬರಹವನ್ನೇ ಅಳಿಸಿದಂತಾದೀತು. ಅದೇ ಕಡತ ವ್ಯಾಪಾರಿಯ ಗದ್ದಿಗೆಯ ಮೇಲಿದ್ದ ದಿನಗಳಲ್ಲಿ ಯಾರೂ ಹೀಗೆ ಯೋಚಿಸಿರಲಾರರು. ತೀರಿದ ಲೆಕ್ಕ ಒರೆಸಿ ಹೊಸದು ಬರೆಯಬಹುದಿತ್ತು, ಲೇಪ ಸವೆದರೆ ಮತ್ತೆ ಬಳಿಯಬಹುದಿತ್ತು. ದುಡಿಯುವ ವಸ್ತುವನ್ನು ದುಡಿಮೆಗೆ ತಕ್ಕಂತೆ ಇಟ್ಟುಕೊಳ್ಳುವ ಹಕ್ಕು ಅದರ ಒಡೆಯನದು. ಮಾವನ ಕಾರೂ ದುಡಿಯುವ ವಸ್ತು. ಹಾಗಾಗಿ ಲೇಪ ಬಳಿಯುವುದರಲ್ಲಿ ನನಗೆ ತಪ್ಪು ಕಾಣಲಿಲ್ಲ. ತಪ್ಪು ಇರುವುದು ಲೇಪವನ್ನು ವಯಸ್ಸು ಮುಚ್ಚಲು ಬಳಸಿದಾಗ: ತೀರದ ಲೆಕ್ಕವನ್ನು ಒರೆಸಿ 'ತೀರಿತು' ಎಂದ ಹಾಗೆ.

ಒಂದು ಭಾನುವಾರ ನಾವಿಬ್ಬರೂ ಕೂತು ಲೇಪ ಬಳಿದೆವು. ಕೊಳ್ಳಲು ಬಂದವರಿಗೆ ಮಾವ ಮೊದಲು ಹೇಳಿದ್ದು ಕಾರಿನ ವರ್ಷ, ಆಮೇಲೆ ಓಡಿದ ಕಿಲೋಮೀಟರ್, ಮೂರನೆಯದಾಗಿ "ಬಂಪರಿಗೆ ಮೊನ್ನೆ ಕಪ್ಪು ಹಚ್ಚಿದೀವಿ" ಎಂಬ ಮಾತು. ಬಂದವರು ತಲೆಯಾಡಿಸಿ, ಬಾನೆಟ್ ಎತ್ತಿ ಎಂಜಿನ್ ನೋಡಿದರು.