ಆಕಾಶ್ ಕೊಂಡ ಅರ್ಮೇನಿಯಾ: ಬಲಾಢ್ಯ ನೆರೆಯವನ ಎದುರು ಸಣ್ಣ ದೇಶದ ವಾಯು ರಕ್ಷಣೆ ಎಷ್ಟು ತಾಳುತ್ತೆ?

ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒದ ಎಲ್‌ಆರ್‌ಡಿಇ ಅನ್ನೋ ಪ್ರಯೋಗಾಲಯ ಇದೆ. ‘ಆಕಾಶ್’ ಕ್ಷಿಪಣಿ ವ್ಯವಸ್ಥೆಗೆ ಕಣ್ಣಾಗಿರುವ ‘ರಾಜೇಂದ್ರ’ ರಡಾರ್ ರೂಪುಗೊಂಡಿದ್ದು ಅಲ್ಲೇ. ರಡಾರ್ ತಯಾರಿಸೋದು ಬಿಇಎಲ್, ಕ್ಷಿಪಣಿ ತಯಾರಿಸೋದು ಹೈದರಾಬಾದಿನ ಬಿಡಿಎಲ್. ಈ ವ್ಯವಸ್ಥೆಯ ಮೊದಲ ಬ್ಯಾಟರಿ 2024ರ ನವೆಂಬರ್‌ನಲ್ಲಿ ಅರ್ಮೇನಿಯಾಕ್ಕೆ ಹೊರಟಿತು ಅಂತ ಸುದ್ದಿ ಬಂದಾಗ ನಮ್ಮ ಟಿವಿಗಳಲ್ಲಿ ಚರ್ಚೆಯಾಗಿದ್ದು ರಫ್ತಿನ ಮೊತ್ತ. ಕೊಂಡವರು ಯಾಕೆ ಕೊಂಡರು, ಅದರಿಂದ ಅವರ ಆಕಾಶ ಉಳಿಯುತ್ತಾ ಅನ್ನೋ ಮಾತು ಬಂದಿದ್ದು ಕಡಿಮೆ.

ಅರ್ಮೇನಿಯಾದ ಜನಸಂಖ್ಯೆ ಸುಮಾರು 30 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಮೈಸೂರು ಜಿಲ್ಲೆಯದ್ದೂ ಅಷ್ಟೇ. ಪಕ್ಕದ ಅಜರ್‌ಬೈಜಾನ್‌ನಲ್ಲಿ ಕೋಟಿ ಜನ, ತೈಲ ಮತ್ತು ಅನಿಲದ ದುಡ್ಡು, ಬೆನ್ನಿಗೆ ಟರ್ಕಿ. ಮೈಸೂರಲ್ಲಿ ಕ್ಷಿಪಣಿ ಮಾತು ತೆಗೆದರೆ ಟಿಪ್ಪು ರಾಕೆಟ್ ಬರದೇ ಇರಲ್ಲ. ಆದರೆ ಅದು ಹೊಡೆಯುವ ಅಸ್ತ್ರ. ಇಲ್ಲಿ ಹೇಳಹೊರಟಿರೋದು ತಡೆಯುವ ವಿಷಯ, ಹಾಗಾಗಿ ರಾಕೆಟ್ಟನ್ನು ಇಲ್ಲಿಗೇ ಬಿಡ್ತೀನಿ.

2020ರ ಸೆಪ್ಟೆಂಬರ್ 27ಕ್ಕೆ ಶುರುವಾದ ನಾಗೋರ್ನೋ ಕರಾಬಖ್ ಯುದ್ಧ 44 ದಿನ ನಡೆಯಿತು. ಅರ್ಮೇನಿಯನ್ ಪಡೆಗಳ ಬಳಿ ಇದ್ದಿದ್ದು ಹೆಚ್ಚಾಗಿ ಸೋವಿಯತ್ ಕಾಲದ ಓಸಾ, ಸ್ಟ್ರೆಲಾ-10, ಎಸ್-300. ಓಸಾ ಕ್ಷಿಪಣಿ ಏರಬಲ್ಲದ್ದು ಸುಮಾರು 5 ಕಿ.ಮೀ. ಎತ್ತರಕ್ಕೆ, ಸ್ಟ್ರೆಲಾ-10 ಸುಮಾರು 3.5 ಕಿ.ಮೀ.ಗೆ. ಟರ್ಕಿಯ ಬೈರಕ್ತಾರ್ ಟಿಬಿ2 ಡ್ರೋನ್ ಅದಕ್ಕಿಂತ ಮೇಲೆ ನಿಧಾನವಾಗಿ ಸುತ್ತುತ್ತಾ ಒಂದೊಂದನ್ನೇ ಆರಿಸಿ ಹೊಡೆಯಿತು. ಅಜರ್‌ಬೈಜಾನ್ ಇನ್ನೊಂದು ಉಪಾಯ ಮಾಡಿತ್ತು. ಹಳೆಯ ಎಎನ್-2 ವಿಮಾನಗಳನ್ನು ಪೈಲಟ್ ಇಲ್ಲದೆ ಹಾರುವಂತೆ ಮಾರ್ಪಡಿಸಿ ಮುಂದೆ ಕಳಿಸಿತು. ಅದನ್ನು ಬೀಳಿಸೋಕೆ ರಡಾರ್ ಆನ್ ಮಾಡಿದವರು ತಾವಿರೋ ಜಾಗ ತಾವೇ ತೋರಿಸಿಕೊಟ್ಟ ಹಾಗಾಯಿತು. ಇಸ್ರೇಲಿನ ಹಾರಪ್ ಡ್ರೋನ್ ಬಂದು ರಡಾರ್ ಮೇಲೇ ಎರಗುತ್ತಿತ್ತು.

ಸುಮಾರು 18 ಕಿ.ಮೀ. ಎತ್ತರಕ್ಕೆ, 25 ಕಿ.ಮೀ. ದೂರಕ್ಕೆ ತಲುಪುವ ಆಕಾಶ್ ಬೇಕಾಗಿದ್ದು ಇದಕ್ಕೇ. ಟಿಬಿ2 ಹಾರುವ ಎತ್ತರ ಈಗ ಸುರಕ್ಷಿತ ಅಲ್ಲ. ಹಾಗಂತ ಸಮಸ್ಯೆ ಮುಗಿಯಲ್ಲ, ಅದು ಮೇಲಿನಿಂದ ಕೆಳಕ್ಕೆ ಇಳಿಯುತ್ತೆ ಅಷ್ಟೆ.

ಮಂಡ್ಯದ ಆಚೆ ಏನೂ ಕಾಣಲ್ಲ

ಇಂಜಿನಿಯರಿಂಗ್‌ನಲ್ಲಿ ಓದಿದ್ದರಲ್ಲಿ ನನಗೆ ಇವತ್ತಿಗೂ ನೆನಪಿರೋ ಕೆಲವೇ ಸೂತ್ರಗಳಲ್ಲಿ ಒಂದು ರಡಾರ್ ದಿಗಂತದ್ದು. ರಡಾರ್‌ನ ಎತ್ತರ, ಗುರಿಯ ಎತ್ತರ ಎರಡನ್ನೂ ಮೀಟರ್‌ನಲ್ಲಿ ತಗೊಂಡು, ವರ್ಗಮೂಲ ಕೂಡಿಸಿ, 4.12ರಿಂದ ಗುಣಿಸಿ. ಎಷ್ಟು ಕಿಲೋಮೀಟರ್ ಕಾಣುತ್ತೆ ಅಂತ ಸಿಗುತ್ತೆ. ಭೂಮಿ ದುಂಡಗಿರುವ ತನಕ ನೇರ ದೃಷ್ಟಿಯಲ್ಲಿ ನೋಡುವ ಯಾವ ಕಂಪನಿಯ ರಡಾರೂ ಸಾಮಾನ್ಯವಾಗಿ ಈ ಮಿತಿಯನ್ನು ದಾಟಲ್ಲ.

ಮೈಸೂರಿನಲ್ಲಿ 10 ಮೀಟರ್ ಕಂಬದ ಮೇಲೆ ಒಂದು ರಡಾರ್ ಇಟ್ಟಿದ್ದೀವಿ ಅಂತಿಟ್ಟುಕೊಳ್ಳಿ. 10 ಕಿ.ಮೀ. ಎತ್ತರದಲ್ಲಿ ಬರೋ ವಿಮಾನವಾದರೆ ದಿಗಂತ 425 ಕಿ.ಮೀ., ಅಂದ್ರೆ ಚೆನ್ನೈ ಮೇಲೆ ಇರುವಾಗಲೇ ಕಾಣಬಹುದು. ಅದೇ 50 ಮೀಟರ್ ಎತ್ತರದಲ್ಲಿ ಬರೋ ಡ್ರೋನ್ ಆದರೆ 42 ಕಿ.ಮೀ. ಬೆಂಗಳೂರು ದಿಕ್ಕಿನಿಂದ ಬಂದರೆ ಮದ್ದೂರು ದಾಟಿ ಮಂಡ್ಯ ಹತ್ತಿರಕ್ಕೆ ಬರುವ ತನಕ ಅದು ನಮ್ಮ ಪಾಲಿಗೆ ಇಲ್ಲವೇ ಇಲ್ಲ. ಗಂಟೆಗೆ 180 ಕಿ.ಮೀ. ವೇಗದ ಶಹೀದ್ ಮಾದರಿಯ ಡ್ರೋನ್‌ಗೆ ಅಲ್ಲಿಂದ 14 ನಿಮಿಷ. ಕ್ರೂಸ್ ಕ್ಷಿಪಣಿಗೆ ಮೂರೇ ನಿಮಿಷ.

ಇದು ದಿಗಂತದ ಲೆಕ್ಕ ಮಾತ್ರ. ಗುರಿ ಚಿಕ್ಕದಾದಷ್ಟೂ ವಾಪಸ್ ಬರೋ ತರಂಗವೂ ಕಡಿಮೆ. ಫೈಟರ್ ವಿಮಾನಕ್ಕಿಂತ 500 ಪಟ್ಟು ಕಡಿಮೆ ಪ್ರತಿಫಲಿಸುವ ಡ್ರೋನ್ ಆದರೆ, ವಿಮಾನವನ್ನು 100 ಕಿ.ಮೀ.ಗೆ ಹಿಡಿಯುವ ರಡಾರ್‌ಗೆ ಅದು ಸಿಗೋದು 21 ಕಿ.ಮೀ.ಯಲ್ಲಿ. ಮೈಸೂರಿನ ಲೆಕ್ಕದಲ್ಲಿ ಶ್ರೀರಂಗಪಟ್ಟಣದ ಸ್ವಲ್ಪ ಆಚೆ.

ಹಾಗಾದರೆ ಬೆಟ್ಟದ ಮೇಲೆ ಇಟ್ಟರಾಯ್ತಲ್ಲ? ಚಾಮುಂಡಿ ಬೆಟ್ಟ ನಗರಕ್ಕಿಂತ ಸುಮಾರು 300 ಮೀಟರ್ ಮೇಲಿದೆ. ಅದೇ ಡ್ರೋನ್‌ಗೆ ದಿಗಂತ 100 ಕಿ.ಮೀ. ಆಗುತ್ತೆ, ಬಿಡದಿ ತನಕ. ಆದರೆ ಬೆಟ್ಟ ಎಲ್ಲಿದೆ ಅಂತ ಶತ್ರುವಿಗೂ ಗೊತ್ತು. ಅಲ್ಲಿ ಕೂತ ರಡಾರ್ ಮೊದಲ ದಿನವೇ ಹೋಗುತ್ತೆ. ಸಣ್ಣ ದೇಶದ ಸೇನೆ ಸಿಕ್ಕಿಬೀಳೋದು ಇಲ್ಲೇ. ಚೆನ್ನಾಗಿ ಕಾಣಬೇಕಾದರೆ ಎತ್ತರದಲ್ಲಿ, ಒಂದೇ ಕಡೆ, ಸದಾ ಆನ್ ಆಗಿ ಇರಬೇಕು. ಬದುಕಿ ಉಳಿಯಬೇಕಾದರೆ ಅದರ ಉಲ್ಟಾ ಮಾಡಬೇಕು.

ಬಚ್ಚಿಟ್ಟುಕೊಂಡವರು ಉಳಿದರು

1982ರ ಜೂನ್ 9ರಂದು ಲೆಬನಾನಿನ ಬೆಕಾ ಕಣಿವೆಯಲ್ಲಿ ಸಿರಿಯಾದ 19 ಕ್ಷಿಪಣಿ ಬ್ಯಾಟರಿಗಳಲ್ಲಿ 17 ಬ್ಯಾಟರಿಗಳನ್ನು ಇಸ್ರೇಲ್ ನಾಶ ಮಾಡಿತು. ಅವು ಕದಲದೆ ಕೂತಿದ್ದವು, ಡ್ರೋನ್ ಕಂಡ ಕೂಡಲೇ ರಡಾರ್ ಆನ್ ಮಾಡಿದ್ದವು. 2020ರಲ್ಲಿ ಎಎನ್-2 ಮಾಡಿದ್ದು ಅದೇ ಹಳೇ ಆಟ.

1999ರಲ್ಲಿ ಯುಗೊಸ್ಲಾವಿಯಾ ಇನ್ನೊಂದು ದಾರಿ ಹಿಡಿಯಿತು. ಎದುರಿಗಿದ್ದಿದ್ದು ಇಡೀ ನೇಟೋ. ಜೋಲ್ಟಾನ್ ದಾನಿ ಎಂಬ ಅಧಿಕಾರಿಯ ತಂಡದ ಕೈಲಿದ್ದಿದ್ದು 1960ರ ದಶಕದ ಎಸ್-125 ಕ್ಷಿಪಣಿ. ರಡಾರ್ ಒಮ್ಮೆಗೆ 20 ಸೆಕೆಂಡ್‌ಗಿಂತ ಹೆಚ್ಚು ಆನ್ ಇರಬಾರದು, ಆಮೇಲೆ ಗಂಟುಮೂಟೆ ಕಟ್ಟಿ ಜಾಗ ಬದಲಿಸಬೇಕು ಅನ್ನೋದು ಅವರ ಕಟ್ಟಳೆ. ಮಾರ್ಚ್ 27ರ ರಾತ್ರಿ ಇದೇ ತಂಡ ಅಮೆರಿಕದ ಎಫ್-117 ಸ್ಟೆಲ್ತ್ ವಿಮಾನವನ್ನು ಬೀಳಿಸಿತು. 78 ದಿನ ನೇಟೋ ವಿಮಾನಗಳು ಬಹುತೇಕ 15,000 ಅಡಿಗಿಂತ ಮೇಲೇ ಹಾರಬೇಕಾಯಿತು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸ್ತಾರೆ. ನನಗೆ ಮುಂದಿನ ಭಾಗವೇ ಮುಖ್ಯ. ಅದೇ 78 ದಿನಗಳಲ್ಲಿ ಸೇತುವೆಗಳು, ವಿದ್ಯುತ್ ವ್ಯವಸ್ಥೆ, ಬೆಲ್‌ಗ್ರೇಡ್‌ನ ಟಿವಿ ಕಚೇರಿ ಎಲ್ಲದರ ಮೇಲೂ ಬಾಂಬ್ ಬಿತ್ತು. ಕ್ಷಿಪಣಿ ತಂಡಗಳು ಉಳಿದುಕೊಂಡವು, ಊರುಗಳನ್ನು ಉಳಿಸೋಕೆ ಆಗಲಿಲ್ಲ. ಅಡಗಿ ಕೂತ ಬ್ಯಾಟರಿ ಶತ್ರುವನ್ನು ಹೆದರಿಸಿ ಮೇಲೆ ಇಡಬಹುದು. ಅದರ ಕೆಳಗೆ ಮಲಗಿರುವ ಜನರಿಗೆ ಅದು ಸೂರು ಅಲ್ಲ.

ಉಕ್ರೇನ್ ಈ ಗಂಟನ್ನು ಸ್ವಲ್ಪ ಸಡಿಲಿಸಿದೆ. 2022ರ ಫೆಬ್ರವರಿಯಲ್ಲಿ ರಷ್ಯಾ ನುಗ್ಗುವ ಹೊತ್ತಿಗೆ ಅದರ ಅನೇಕ ಎಸ್-300, ಬುಕ್ ಘಟಕಗಳು ಮಾಮೂಲಿ ನೆಲೆ ಬಿಟ್ಟು ಚದುರಿ ಹೋಗಿದ್ದವು. ಅದು ಸರ್ಬಿಯಾದ ಪಾಠ. ಹೊಸದಾಗಿ ಮಾಡಿದ್ದು ಅಂದ್ರೆ ನೋಡುವ ಕೆಲಸವನ್ನು ರಡಾರ್‌ನಿಂದ ಬೇರೆ ಮಾಡಿದ್ದು. ದೇಶದ ಉದ್ದಗಲಕ್ಕೂ ಕಂಬಗಳ ಮೇಲೆ ಸಾವಿರಾರು ಮೈಕ್ ಕಟ್ಟಿದರು. ಡ್ರೋನ್ ಇಂಜಿನ್ ಸದ್ದು ಕೇಳಿದರೆ ಅದು ಯಾವ ಕಡೆ ಹೋಗ್ತಿದೆ ಅಂತ ಲೆಕ್ಕ ಹಾಕ್ತಾರೆ. ಸಾಮಾನ್ಯ ಜನ ಮೊಬೈಲ್ ಆ್ಯಪ್‌ನಲ್ಲಿ ಮಾಹಿತಿ ಕೊಡ್ತಾರೆ. ಪಿಕಪ್ ಗಾಡಿ ಮೇಲೆ ಮೆಷಿನ್ ಗನ್ ಕಟ್ಟಿಕೊಂಡ ತಂಡ ದಾರಿಯಲ್ಲಿ ಕಾಯುತ್ತೆ. ಮೈಕ್ ತರಂಗ ಬಿಡಲ್ಲ, ಹಾಗಾಗಿ ಹಾರಪ್‌ನಂಥದ್ದಕ್ಕೆ ಅದರ ಸುಳಿವು ಸಿಗಲ್ಲ. ಒಂದು ಹೋದರೂ ಪಕ್ಕದ್ದು ಕೇಳಿಸಿಕೊಳ್ಳುತ್ತೆ.

ಹನ್ನೆರಡು ಮುಗಿದ ಮೇಲೆ

ದುಡ್ಡಿನ ಲೆಕ್ಕ ಇನ್ನೂ ಕ್ರೂರ. ಒಂದು ಪೇಟ್ರಿಯಟ್ ಕ್ಷಿಪಣಿಗೆ ಸುಮಾರು 40 ಲಕ್ಷ ಡಾಲರ್, ಒಂದು ಶಹೀದ್‌ಗೆ ಅಂದಾಜು 20ರಿಂದ 50 ಸಾವಿರ ಡಾಲರ್. 2025ರ ಜುಲೈ 9ರ ಒಂದೇ ರಾತ್ರಿ ರಷ್ಯಾ 700ಕ್ಕೂ ಹೆಚ್ಚು ಡ್ರೋನ್ ಕಳಿಸಿತು ಅಂತ ಉಕ್ರೇನ್ ವಾಯುಪಡೆ ಹೇಳಿತ್ತು. ಆಕಾಶ್‌ನ ಒಂದು ಬ್ಯಾಟರಿಯಲ್ಲಿ ನಾಲ್ಕು ಲಾಂಚರ್, ತಲಾ ಮೂರು ಕ್ಷಿಪಣಿ. ಹದಿಮೂರನೇ ಡ್ರೋನ್ ಬಂದಾಗ ಮತ್ತೆ ತುಂಬುತ್ತಾ ಕೂತಿರಬೇಕು.

ಈ ಕತೆಯಲ್ಲಿ ಬಲಾಢ್ಯ ನೆರೆಯವರ ಜಾಗದಲ್ಲಿ ನಾವೂ ನಿಂತಿದ್ದೀವಿ. 2025ರ ಮೇ 8ರಂದು ಲಾಹೋರ್‌ನ ವಾಯು ರಕ್ಷಣಾ ವ್ಯವಸ್ಥೆಯೊಂದನ್ನು ನಿಷ್ಕ್ರಿಯಗೊಳಿಸಿದ್ದೀವಿ ಅಂತ ಭಾರತ ಹೇಳಿತು. ಹಾರಪ್ ಡ್ರೋನ್‌ಗಳನ್ನು ಬೀಳಿಸಿದ್ದೀವಿ ಅಂತ ಪಾಕಿಸ್ತಾನ ಹೇಳಿತು. ಆ ರಾತ್ರಿ ಪಾಕಿಸ್ತಾನ 36 ಜಾಗಗಳ ಮೇಲೆ 300ರಿಂದ 400 ಡ್ರೋನ್ ಕಳಿಸಿತು, ನಮ್ಮ ವಾಯು ರಕ್ಷಣೆ ಹೇಗಿದೆ ಅಂತ ತಿಳಿಯೋದು ಅದರ ಒಂದು ಉದ್ದೇಶವಾಗಿರಬಹುದು ಅನ್ನೋದು ಭಾರತದ ಅಧಿಕೃತ ಮಾತು. ಆಗ ಆಕಾಶ್ ಜೊತೆಗೆ ದಶಕಗಳ ಹಿಂದಿನ ಎಲ್-70 ಫಿರಂಗಿಗಳೂ ಕೆಲಸಕ್ಕೆ ಬಂದವು. ಅವನ್ನೆಲ್ಲ ಒಂದೇ ಜಾಲಕ್ಕೆ ಜೋಡಿಸುವ ‘ಆಕಾಶ್‌ತೀರ್’ ಬಿಇಎಲ್ ಮಾಡಿದ್ದು. ದುಬಾರಿ ಕ್ಷಿಪಣಿಯನ್ನು ದುಬಾರಿ ಗುರಿಗೆ ಉಳಿಸಿಕೊಂಡು, ಅಗ್ಗದ್ದನ್ನು ಅಗ್ಗದ ಗುಂಡಿಗೆ ಬಿಡೋಕೆ ಅಂಥ ಜಾಲ ಬೇಕು. ಅರ್ಮೇನಿಯಾ ಬರೀ ಬ್ಯಾಟರಿ ಕೊಂಡು ಜಾಲ, ಫಿರಂಗಿ, ಮೈಕ್‌ಗಳನ್ನು ಬಿಟ್ಟರೆ 2020 ಮತ್ತೆ ಬರುತ್ತೆ ಅನ್ನೋದು ನನ್ನ ಅನಿಸಿಕೆ.

ಭೂಗೋಳವೂ ಅವರ ಕಡೆ ಪೂರ್ತಿ ಇಲ್ಲ. ಬೆಟ್ಟಗುಡ್ಡಗಳು ಬ್ಯಾಟರಿ ಬಚ್ಚಿಡೋಕೆ ಒಳ್ಳೇದು, ಆದರೆ ಕಣಿವೆ ಹಿಡಿದು ಬರೋ ಡ್ರೋನ್‌ಗೂ ಅವೇ ಮರೆ. ರಾಜಧಾನಿ ಯೆರೆವಾನ್‌ನಿಂದ ಅಜರ್‌ಬೈಜಾನ್‌ಗೆ ಸೇರಿದ ನಖ್ಚಿವಾನ್‌ನ ಗಡಿಗೆ ಹೆಚ್ಚುಕಮ್ಮಿ ಮೈಸೂರಿನಿಂದ ಮದ್ದೂರಿನಷ್ಟೇ ದಾರಿ. 2025ರ ಆಗಸ್ಟ್ 8ರಂದು ವಾಷಿಂಗ್ಟನ್‌ನಲ್ಲಿ ಎರಡೂ ದೇಶಗಳು ಶಾಂತಿ ಒಪ್ಪಂದದ ಕರಡಿಗೆ ಕಿರುಸಹಿ ಹಾಕಿವೆ, ಅದು ಉಳಿದರೆ ಈ ಲೆಕ್ಕವೆಲ್ಲ ಕಾಗದದ ಮೇಲೇ ಇರುತ್ತೆ.

ಉಳಿಯದಿದ್ದರೆ ಮೊದಲು ನೆನಪಾಗೋದು ಯೆರೆವಾನ್ ಪಶ್ಚಿಮಕ್ಕಿರುವ ಮೆಟ್ಸಮೋರ್ ಅಣುಸ್ಥಾವರ. ದೇಶದ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ಅಲ್ಲಿಂದ ಬರುತ್ತೆ. 2020ರ ಜುಲೈನಲ್ಲಿ, ಅಂದ್ರೆ ಯುದ್ಧಕ್ಕೆ ಎರಡು ತಿಂಗಳು ಮೊದಲು, ತಮ್ಮ ಮಿಂಗಚೆವಿರ್ ಜಲಾಶಯಕ್ಕೆ ಕೈ ಹಾಕಿದರೆ ತಮ್ಮ ಕ್ಷಿಪಣಿಗಳು ಮೆಟ್ಸಮೋರ್ ಮುಟ್ಟಬಲ್ಲವು ಅಂತ ಅಜರ್‌ಬೈಜಾನ್ ರಕ್ಷಣಾ ಇಲಾಖೆಯ ವಕ್ತಾರರು ಹೇಳಿದ್ದರು. ಅಲ್ಲಿ ಕಾವಲಿಗೆ ನಿಲ್ಲಿಸಿದ ಬ್ಯಾಟರಿ 20 ಸೆಕೆಂಡ್ ಆನ್ ಆಗಿ ಆಮೇಲೆ ಜಾಗ ಬಿಟ್ಟು ಓಡುವ ಹಾಗಿಲ್ಲ. ಸ್ಥಾವರ ಎಲ್ಲಿದೆಯೋ ಅದೂ ಅಲ್ಲೇ ನಿಲ್ಲಬೇಕು, ಅದು ಎಲ್ಲಿ ನಿಂತಿದೆ ಅಂತ ಎದುರಾಳಿಗೆ ಮೊದಲೇ ಗೊತ್ತಿರುತ್ತೆ.