ಕಿರೀಟ ಜಾರಿದ ಹೊತ್ತು: ಚನ್ನಪಟ್ಟಣ ಸೀಮೆಯಲ್ಲಿ ಆಭಾಸವನ್ನು ಸವಿದ ಬಗೆ

ರಾತ್ರಿ ಒಂದೂವರೆಯ ಹೊತ್ತಿಗೆ ದುರ್ಯೋಧನ ಮಾತು ಮರೆಯುತ್ತಾನೆ. ಗದೆ ಹೆಗಲ ಮೇಲಿದೆ, ಮೀಸೆಯ ಒಂದು ತುದಿ ಅಂಟು ಬಿಟ್ಟಿದೆ, ಕಣ್ಣು ಹಾರ್ಮೋನಿಯಂ ಮೇಷ್ಟ್ರ ಕಡೆ ಹೊರಳಿದೆ. ಮೇಷ್ಟ್ರು ಶ್ರುತಿ ಹಿಡಿದು ಕಂದಪದ್ಯದ ಮೊದಲ ಅಕ್ಷರ ಎತ್ತಿಕೊಡುವಷ್ಟರಲ್ಲಿ ಚಾಪೆ ಹಾಸಿ ಕೂತ ಹೈಕಳಲ್ಲಿ ಒಬ್ಬ ಕೂಗುತ್ತಾನೆ: “ಅಣ್ಣೋ, ಸೊಸೈಟಿ ಸಾಲ ನೆಪ್ಪಾಯ್ತಾ?” ಊರಿಗೆ ಊರೇ ನಗುತ್ತದೆ. ಸ್ವಲ್ಪ ತಡೆದು ದುರ್ಯೋಧನನೂ ನಗುತ್ತಾನೆ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯ ಯಾವ ಊರಿನ ಹಬ್ಬದಲ್ಲಾದರೂ ನಡೆಯಬಹುದಾದ ಸಂಗತಿ ಇದು. ರಾಮನಗರ, ಮಾಗಡಿ, ಕನಕಪುರದ ಕಡೆಯವರಿಗೂ ಹೊಸದಲ್ಲ.

ಕೆಟ್ಟ ಸಿನಿಮಾವನ್ನು ಕೆಟ್ಟದ್ದೆಂದು ತಿಳಿದೇ, ಗೆಳೆಯರನ್ನು ಕಟ್ಟಿಕೊಂಡು ನೋಡಿ ನಗುವುದು ಮೊಬೈಲು ತಂದ ಗೀಳು, ಅದೂ ಅಮೆರಿಕದಿಂದ ಬಂದದ್ದು ಎಂಬ ಮಾತು ಈಚೆಗೆ ಆಗಾಗ ಕೇಳಿಬರುತ್ತದೆ. ಅಮೆರಿಕದವರ ಬಳಿ ಇದಕ್ಕೆ ತಾರೀಖುಗಳಿರುವುದು ನಿಜ. 1980ರಲ್ಲಿ ಮೆಡ್ವೆಡ್ ಸೋದರರ ಪುಸ್ತಕವೊಂದು ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಚಿತ್ರಕ್ಕೆ ಸಾರ್ವಕಾಲಿಕ ಕಳಪೆಯ ಪಟ್ಟ ಕಟ್ಟಿತು. ಆಮೇಲೆ ಅದನ್ನು ಹುಡುಕಿಕೊಂಡು ನೋಡುವವರು ಹುಟ್ಟಿಕೊಂಡರು. 1988ರಲ್ಲಿ ಮಿನಿಯಾಪೊಲಿಸ್‌ನ ಸ್ಥಳೀಯ ಚಾನೆಲ್ಲೊಂದರಲ್ಲಿ ಒಬ್ಬ ಮನುಷ್ಯ, ಜೊತೆಗೆ ಬೊಂಬೆಯಂಥ ರೋಬಾಟುಗಳು, ಪರದೆಯ ಕೆಳಗೆ ಕೂತು ಹಳೆಯ ಕಳಪೆ ಚಿತ್ರಗಳನ್ನು ಆಡಿಕೊಳ್ಳುವ ಕಾರ್ಯಕ್ರಮ ಶುರುವಾಯಿತು. 2003ರ ‘ದಿ ರೂಮ್’ ಚಿತ್ರಕ್ಕೆ ಜನ ಪ್ಲಾಸ್ಟಿಕ್ ಚಮಚ ಹಿಡಿದುಕೊಂಡೇ ಹೋಗುತ್ತಾರೆ, ಸಂದರ್ಭ ನೋಡಿ ಪರದೆಗೆ ಎಸೆಯಲು. ಆದರೆ ಈ ಮೂರರಲ್ಲೂ ಇರುವ ಗುಟ್ಟು ನಮ್ಮ ಚಾಪೆಯ ಮೇಲಿನ ಹುಡುಗನಿಗೆ ಗೊತ್ತಿತ್ತು. ಕೆಟ್ಟದ್ದು ಸುಮ್ಮನೆ ರುಚಿಸುವುದಿಲ್ಲ, ಅದು ನಮ್ಮದಾಗಬೇಕು. ಈ ‘ನಮ್ಮದಾಗುವಿಕೆ’ ಒಂದೊಂದು ಕಾಲಕ್ಕೆ ಎಲ್ಲಿಂದ ಒದಗಿತು ಎಂಬುದೇ ಈ ಲೇಖನದ ಹುಡುಕಾಟ.

ಮೊದಲು ಪದದ ತೊಡಕು. ‘ಡಬ್ಬಾ’, ‘ತೋಪು’, ‘ತಗಡು’, ‘ಮಕಾಡೆ ಮಲಗಿತು’ ಎಂದು ಕನ್ನಡದಲ್ಲಿ ಸೋತ ಸಿನಿಮಾವನ್ನು ಹಳಿಯುವ ಮಾತಿಗೆ ಬರವಿಲ್ಲ. ಆದರೆ ಇವೆಲ್ಲ ತೀರ್ಪುಗಳು, ಸವಿದದ್ದನ್ನು ಹೇಳುವುದಿಲ್ಲ. ಸವಿಗೆ ಹತ್ತಿರದ ಮಾತು ‘ಆಭಾಸ’. ದಿನಬಳಕೆಯಲ್ಲಿ ಅದು ಮುಜುಗರ ಎಂಬಷ್ಟಕ್ಕೆ ಇಳಿದಿದ್ದರೂ ಹಿಂದೆ ದೊಡ್ಡ ಚರ್ಚೆಯಿದೆ. ರಸ ಹುಟ್ಟಬೇಕಾದ ಕಡೆ ಅದರ ನೆರಳು ಮಾತ್ರ ಹುಟ್ಟಿದರೆ ಅದು ರಸಾಭಾಸ. ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಅಭಿನವಗುಪ್ತ ಹೇಳುವುದು, ಯಾವ ರಸದ ಆಭಾಸವಾದರೂ ನೋಡುವವನಲ್ಲಿ ಹಾಸ್ಯವಾಗಿ ತಿರುಗುತ್ತದೆ ಎಂದು. ಸೀತೆಯ ಮೇಲೆ ರಾವಣನಿಗೆ ಹುಟ್ಟಿದ್ದು ಅವನ ಪಾಲಿಗೆ ಶೃಂಗಾರ, ಸಭೆಯ ಪಾಲಿಗೆ ನಗು. ಕೆಟ್ಟ ಚಿತ್ರದ ನಾಯಕನ ಅಳು ನಮಗೆ ನಗು ತರಿಸುವುದಕ್ಕೆ ಇದಕ್ಕಿಂತ ಚೊಕ್ಕ ವಿವರಣೆಯನ್ನು ನಾನು ಕಂಡಿಲ್ಲ.

ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಇನ್ನೂ ಸ್ವಾರಸ್ಯದ್ದು. ಪ್ರಯೋಗ ಗೆದ್ದಿತೋ ಸೋತಿತೋ ಎಂದು ಅಳೆಯುವ ಆ ಅಧ್ಯಾಯದಲ್ಲಿ ಪ್ರಯೋಗಕ್ಕೆ ಒದಗುವ ‘ಘಾತ’ಗಳ ಪಟ್ಟಿಯಿದೆ. ನಟ ತಾನೇ ತಂದುಕೊಳ್ಳುವ ಘಾತಗಳಲ್ಲಿ ಮಾತು ಮರೆಯುವುದು, ಇನ್ನೊಬ್ಬನ ಮಾತನ್ನು ತಾನು ಆಡಿಬಿಡುವುದು, ಕಿರೀಟ ಆಭರಣಗಳು ಉದುರುವುದು ಎಲ್ಲವೂ ಬರುತ್ತವೆ. ಅಂದಮೇಲೆ ಕಿರೀಟ ಜಾರುವುದು ಹಳ್ಳಿಯ ನಾಟಕದ ಮಾತ್ರ ಹಣೆಬರಹವಲ್ಲ. ಶಾಸ್ತ್ರಕಾರ ಅದನ್ನು ತಪ್ಪೆಂದು ಎಣಿಸಿದ. ನಮ್ಮವರು ಅದಕ್ಕಾಗಿ ಕಾದು ಕೂತರು. ವ್ಯತ್ಯಾಸ ಅಷ್ಟೇ.

ಹಳ್ಳಿಯ ಪೌರಾಣಿಕ ನಾಟಕ ತನ್ನ ಮಾದರಿಯನ್ನು ಪಡೆದದ್ದು ವೃತ್ತಿ ಕಂಪನಿಗಳಿಂದ. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ಬಂದವು. ಆ ವೈಭವವನ್ನು ಕಂಡವರು, ಕಂಡವರಿಂದ ಕೇಳಿದವರು ಅದನ್ನೇ ಅರಳಿಕಟ್ಟೆಯ ಪಕ್ಕದ ಅಟ್ಟಣೆಯ ಮೇಲೆ ತರಲು ಹೊರಟರು. ಆನೆಯ ಜಾಗದಲ್ಲಿ ಪರದೆಯ ಮೇಲೆ ಬರೆದ ಆನೆ, ರಥದ ಜಾಗದಲ್ಲಿ ತಗಡು ಬಡಿದ ಹಲಗೆ. ಆಸೆಯ ಅಳತೆಗೂ ಕೈಯಲ್ಲಿದ್ದ ಸಾಮಗ್ರಿಗೂ ನಡುವೆ ಬಿದ್ದ ಈ ಕಂದಕದಲ್ಲೇ ಆಭಾಸ ಹುಟ್ಟಿದ್ದು. ಕಂಪನಿಗಳೂ ಇದರಿಂದ ಹೊರತಾಗಿರಲಿಲ್ಲ ಎನ್ನುವುದಕ್ಕೆ ಕೈಲಾಸಂ ಅವರ ‘ನಮ್ಮ ಕಂಪ್ನಿ’ ನಾಟಕವೇ ಸಾಕ್ಷಿ. ರಣರಂಗದಲ್ಲಿ ಸತ್ತುಬಿದ್ದ ವೀರ ಸಭೆಯ ‘ಒನ್ಸ್ ಮೋರ್’ಗೆ ಎದ್ದು ಹಾಡಿ, ಮತ್ತೆ ಸಾಯುವ ಪದ್ಧತಿ ಕಂಪನಿಯ ಕಾಲದಿಂದಲೇ ಬಂದದ್ದು.

ಹಳ್ಳಿಯ ನಾಟಕದ ಹಣದ ಲೆಕ್ಕ ಗೊತ್ತಿಲ್ಲದೆ ಅಲ್ಲಿನ ನಗು ಅರ್ಥವಾಗುವುದಿಲ್ಲ. ಇಲ್ಲಿ ನಟನಿಗೆ ಸಂಬಳವಿಲ್ಲ. ನಟನೇ ಪಾತ್ರಕ್ಕೆ ಹಣ ಕಟ್ಟುತ್ತಾನೆ. ದುರ್ಯೋಧನ, ಕೃಷ್ಣ, ಭೀಮರಿಗೆ ಹೆಚ್ಚು, ದೂತನಿಗೋ ಸೈನಿಕನಿಗೋ ಕಡಿಮೆ. ಆ ಹಣದಲ್ಲಿ ಸೀನರಿ ಬಾಡಿಗೆ, ಧ್ವನಿವರ್ಧಕ, ಮೇಷ್ಟ್ರ ಸಂಭಾವನೆ, ಊಟ. ಹೀಗಾಗಿ ದುರ್ಯೋಧನನಾಗುವವನು ಕಂಠ ಚೆನ್ನಾಗಿದ್ದವನೇ ಆಗಬೇಕೆಂದಿಲ್ಲ. ರೇಷ್ಮೆಗೂಡಿಗೆ ಆ ಸಲ ಒಳ್ಳೆಯ ಬೆಲೆ ಸಿಕ್ಕವನೂ ಆಗಬಹುದು. ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು ನಡೆಯುವುದರಿಂದ ಯಾರಿಗೆ ಯಾವ ಕಂದ ಕೈಕೊಡುತ್ತದೆ ಎಂಬುದು ನಾಟಕದ ದಿನಕ್ಕೆ ಮೊದಲೇ ಊರಿಗೆ ಗೊತ್ತಿರುತ್ತದೆ. ದೃಶ್ಯದ ನಡುವೆ ಭಾವಮೈದುನ ರಂಗ ಹತ್ತಿ ನೋಟಿನ ಹಾರ ಹಾಕುತ್ತಾನೆ. ಶ್ರೀಕೃಷ್ಣ ಸಂಧಾನವನ್ನು ಅರ್ಧಕ್ಕೆ ನಿಲ್ಲಿಸಿ ಕೈಮುಗಿಯುತ್ತಾನೆ. ಮೈಕಿನಲ್ಲಿ ಮುಯ್ಯಿ ಹಾಕಿದವರ ಹೆಸರು, ಊರು, ಮೊತ್ತ. ನಗುವವರಿಗೆ ಈ ನಟ ಅಣ್ಣ, ಮಾವ, ಪಕ್ಕದ ಹೊಲದವನು; ಬೆಳಗಾದರೆ ಅವನ ಮುಖ ನೋಡಲೇಬೇಕು. ನಗು ಎಲ್ಲಿ ನಿಲ್ಲಬೇಕು ಎಂಬುದನ್ನು ಆ ನಂಟೇ ಹೇಳುತ್ತಿತ್ತು.

ಎಲ್ಲರ ಪಾಲಿಗೂ ಆ ನಂಟಿಲ್ಲ. ದ್ರೌಪದಿ, ಉತ್ತರೆ, ಕುಂತಿಯ ಪಾತ್ರಕ್ಕೆ ಹೊರಗಿನಿಂದ ಹಣ ಕೊಟ್ಟು ಕರೆಸಿದ ಕಲಾವಿದೆಯರು ಬರುತ್ತಾರೆ. ಇಡೀ ನಾಟಕ ಅವರಿಗೆ ಬಾಯಿಪಾಠ. ಮಾತು ಮರೆತ ಅರ್ಜುನನಿಗೆ ಸೆರಗಿನ ಮರೆಯಲ್ಲಿ ಮುಂದಿನ ಸಾಲು ಹೇಳಿಕೊಡುವವರೂ ಅನೇಕ ವೇಳೆ ಅವರೇ. ಅತ್ಯಂತ ಪಳಗಿದ ಈ ನಟಿಯರಿಗೆ ಬರುವ ಕೂಗುಗಳಲ್ಲಿ ಮಾತ್ರ ಅಣ್ಣ-ತಮ್ಮಂದಿರ ಸಲಿಗೆಯಿಲ್ಲ. ಹಳ್ಳಿಯ ನಗುವನ್ನು ಬರೀ ಮುಗ್ಧವೆಂದು ಬಣ್ಣಿಸುವ ಲೇಖನಗಳು ಈ ಕಡೆ ತಿರುಗಿ ನೋಡುವುದೇ ಇಲ್ಲ.

ಟೆಂಟ್ ಸಿನಿಮಾ ಬಂದಾಗ ಚಾಪೆಯ ಜನವೇ ಎದ್ದು ಅಲ್ಲಿಗೆ ಹೋಯಿತು. ಸಂಜೆ ಘಂಟಸಾಲ ಅವರ ವೆಂಕಟೇಶ ಸ್ತುತಿ ಮೈಕಿನಲ್ಲಿ ಕೇಳಿತೆಂದರೆ ಆಟ ಶುರು ಎಂದು ಸುತ್ತಲ ಹಳ್ಳಿಗೆ ಗೊತ್ತಾಗುತ್ತಿತ್ತು. ನೆಲದ ಟಿಕೆಟ್ಟಿನ ಗಾಂಧಿಕ್ಲಾಸಿನವರು ಪರದೆಯ ಮೇಲಿನವರನ್ನೂ ಏಕವಚನದಲ್ಲೇ ಮಾತಾಡಿಸಿದರು. ಆದರೆ ಪರದೆ ತಿರುಗಿ ನಗಲಿಲ್ಲ. ರಾಜಕುಮಾರ್ ಗೂಢಚಾರರಾಗಿ ಬಂದ ‘ಜೇಡರ ಬಲೆ’ (1968) ಮತ್ತು ಅದರ ಹಿಂದೆ ಬಂದ ಸಿಐಡಿ 999 ಚಿತ್ರಗಳು ಆ ಕಾಲಕ್ಕೆ ಗೆದ್ದ ಚಿತ್ರಗಳು. ಅಲ್ಲಿನ ಗುಂಡಿ, ದೀಪ, ಗುಪ್ತ ಬಾಗಿಲುಗಳನ್ನು ಕಂಡು ಇಂದಿನ ಹುಡುಗರು ನಗುತ್ತಾರೆ. ಆ ನಗೆಯಲ್ಲಿ ಅರ್ಧಪಾಲು ಅಜ್ಜನ ಕೋಟು ತೊಟ್ಟುಕೊಂಡು ಕನ್ನಡಿ ನೋಡುವ ಪ್ರೀತಿ. ಅದನ್ನು ಲೇವಡಿ ಎನ್ನಲು ನನಗೆ ಮನಸ್ಸಿಲ್ಲ.

ಈ ಸೀಮೆಗೆ ಸಿನಿಮಾ ನಿಜವಾಗಿ ಹತ್ತಿರ ಬಂದದ್ದು 1973ರ ಅಕ್ಟೋಬರ್‌ನಲ್ಲಿ, ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ರಮೇಶ್ ಸಿಪ್ಪಿ ‘ಶೋಲೆ’ಯ ಚಿತ್ರೀಕರಣ ಆರಂಭಿಸಿದಾಗ. ಉತ್ತರದ ಡಕಾಯಿತರ ಕಥೆಗೆ ನಮ್ಮ ಬಂಡೆಗಳು ಹಿನ್ನೆಲೆಯಾದವು; ರಾಮ್‌ಗಢ ಎಂಬ ಊರನ್ನೇ ಕಟ್ಟಿದರು. 1975ರ ಆಗಸ್ಟ್ 15ರಂದು ತೆರೆಕಂಡಾಗ ಮೊದಲ ವಿಮರ್ಶೆಗಳು ಬಿಸಿಯಾಗಿರಲಿಲ್ಲ, ಸೋತಿತು ಎಂದೇ ವ್ಯಾಪಾರದವರು ಅಂದುಕೊಂಡರು. ಆದರೆ ಜನ ಹಾಡಿಗಿಂತ ಮಾತಿಗೆ ಮರುಳಾಗಿದ್ದಾರೆ ಎಂದು ತಿಳಿದ ಪಾಲಿಡೋರ್ ಕಂಪನಿ ಸಂಭಾಷಣೆಗಳನ್ನೇ ರೆಕಾರ್ಡಿಗೆ ಹಾಕಿ ಮಾರಿತು. ಮದುವೆ ಮನೆಯ ಮೈಕಿನಲ್ಲಿ ಚಿತ್ರದ ಖಳ ಗಬ್ಬರ್ ಸಿಂಗ್ ಮಾತಾಡಿದ. ಹಿಂದಿ ಬಾರದವರಿಗೂ ಅವನ ಮಾತು ಕಂಠಪಾಠವಾಯಿತು. ನಟ ನಂಟನಲ್ಲದ ಮೇಲೆ ನಂಟನ್ನು ಕಟ್ಟಿಕೊಳ್ಳಲು ಉಳಿದ ದಾರಿ ಇದೇ: ಮತ್ತೆ ಮತ್ತೆ ಕೇಳುವುದು, ಮುಂದಿನ ಮಾತನ್ನು ನಟನಿಗಿಂತ ಮೊದಲು ತಾನೇ ಆಡುವುದು.

ರಾಮನಗರದವರಿಗೆ ಇನ್ನೊಂದು ಹೆಚ್ಚಿನ ಹಕ್ಕಿತ್ತು. ಗಬ್ಬರನ ಗುಹೆಯ ಹಿಂದೆ ಯಾವ ಹೊಲ ಇದೆ ಎಂದು ಅವರಿಗೆ ಗೊತ್ತು. ಬೆಂಗಳೂರು–ಮೈಸೂರು ರೈಲು ತಮ್ಮೂರಿನ ಮೇಲೇ ಹಾದುಹೋಗುತ್ತಿದ್ದರೂ ಚಿತ್ರದ ರೈಲು ದರೋಡೆಯನ್ನು ಪನ್ವೇಲ್ ಬಳಿ ತೆಗೆದದ್ದೂ ತಿಳಿಯಿತು. ಅತ್ಯಂತ ಗಂಭೀರ ದೃಶ್ಯದಲ್ಲೂ ‘ಅದು ನಮ್ ಬೆಟ್ಟ ಕಣೋ’ ಎಂದು ಒಬ್ಬ ಅಂದರೆ ಸಾಕು, ರಾಮ್‌ಗಢ ಕುಸಿದು ರಾಮನಗರ ಏಳುತ್ತದೆ. ಇದೂ ಆಭಾಸವೇ; ಚಿತ್ರದ ತಪ್ಪಿನಿಂದಲ್ಲ, ನೋಡುವವನ ಜಾಸ್ತಿ ತಿಳಿವಳಿಕೆಯಿಂದ ಹುಟ್ಟಿದ್ದು.

ಶೋಲೆಯ ಬಾಲ ಹಿಡಿದು ಬಂದವು ಅಪ್ಪಟ ಆಭಾಸಗಳು. 1988ರಲ್ಲಿ ಜಗದೀಪ್ ಶೋಲೆಯಲ್ಲಿನ ತಮ್ಮ ಪಾತ್ರವನ್ನೇ ಎಳೆದು ‘ಸೂರ್ಮಾ ಭೋಪಾಲಿ’ ಮಾಡಿದರು. 1991ರ ‘ರಾಮ್‌ಗಢ ಕೆ ಶೋಲೆ’ಯಲ್ಲಿ ಅಮಿತಾಭ್, ದೇವಾನಂದ್, ಗೋವಿಂದರನ್ನು ಹೋಲುವವರ ದಂಡೇ ಇತ್ತು, ಗಬ್ಬರ್ ಮಾತ್ರ ಅಸಲಿ ಅಮ್ಜದ್ ಖಾನ್. ಶೋಲೆಯ ಬಾಲವಲ್ಲದಿದ್ದರೂ ಇದೇ ಸಾಲಿಗೆ ಸೇರುವ ಕಾಂತಿ ಶಾ ಅವರ ‘ಗುಂಡಾ’ 1998ರಲ್ಲಿ ಬಂತು. ಪ್ರಾಸಬದ್ಧ ಬೈಗುಳಗಳ ಆ ಮಿಥುನ್ ಚಿತ್ರವನ್ನು ಹಾಸ್ಟೆಲುಗಳ ಹುಡುಗರು ಸಾಲುಸಾಲಾಗಿ ಉರುಹೊಡೆದರು. ರಾಮ್‌ಗೋಪಾಲ್ ವರ್ಮಾ ಶೋಲೆಯನ್ನು ಮತ್ತೆ ತೆಗೆದು ಠಾಕೂರನ ತೋಳುಗಳ ಬದಲು ಬೆರಳುಗಳನ್ನಷ್ಟೇ ಕತ್ತರಿಸಿದ ‘ಆಗ್’ ಬಿಡುಗಡೆಯಾದದ್ದು 2007ರ ಆಗಸ್ಟ್ 31ರಂದು. ರಾಮನಗರ ಹೊಸ ಜಿಲ್ಲೆಯಾಗಿ ಆಗ ಒಂದು ವಾರವಷ್ಟೇ ಕಳೆದಿತ್ತು.

ಟೀವಿಯ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ. ಶೋಲೆ ತೆರೆಕಾಣುವ ಎರಡು ವಾರ ಮೊದಲು, 1975ರ ಆಗಸ್ಟ್ 1ರಂದು, ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೀವಿ ತೋರಿಸುವ ‘ಸೈಟ್’ ಪ್ರಯೋಗ ಆರಂಭವಾಯಿತು. ಕರ್ನಾಟಕದ ಪಾಲು ಬಿಜಾಪುರ, ಗುಲ್ಬರ್ಗ, ರಾಯಚೂರಿಗೆ ಬಂತು. ಅದು ಹಳ್ಳಿಗೆ ತಲುಪಿದ ಟೀವಿ, ಹಳ್ಳಿಯ ಕೈಗೆ ಸಿಕ್ಕ ಟೀವಿಯಲ್ಲ. ಅಮೆರಿಕದಲ್ಲಿ ಯಾರು ಬೇಕಾದರೂ ಬಂದು ಕಾರ್ಯಕ್ರಮ ಮಾಡಬಹುದಾದ ಸಾರ್ವಜನಿಕ ಚಾನೆಲ್ಲುಗಳಿದ್ದಂತೆ ನಮ್ಮಲ್ಲಿ ಕಾನೂನಿನ ಏರ್ಪಾಡು ಇರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಸಮುದಾಯ ಬಾನುಲಿಯವರು ಊರಿನವರ ದನಿಯನ್ನು ಗಾಳಿಯಲ್ಲಿ ಬಿಡಲು ಪರವಾನಗಿ ಇಲ್ಲದೆ ಕೇಬಲ್ ತಂತಿಯಲ್ಲಿ ಹರಿಸಿದರು. ಅದು ಯೋಚಿಸಿ ಮಾಡಿದ ಕೆಲಸ. ಯೋಚಿಸದೆ ಅದನ್ನೇ ಮಾಡಿದವರು ಪೇಟೆಗಳ ಕೇಬಲ್ ಆಪರೇಟರುಗಳು.

1990ರ ದಶಕದಲ್ಲಿ, 1995ರ ಕೇಬಲ್ ಕಾಯ್ದೆಗೆ ಮೊದಲೂ ಆಮೇಲೂ, ಊರೂರಿನ ಕೇಬಲ್ಲಿನವನು ತನ್ನದೇ ಒಂದು ಚಾನೆಲ್ ಇಟ್ಟುಕೊಂಡಿದ್ದ. ಅದರಲ್ಲಿ ಜಾತ್ರೆಯ ವೀಡಿಯೊ, ಮಗುವಿನ ಫೋಟೊ ಹಾಕಿ ಹುಟ್ಟುಹಬ್ಬದ ಶುಭಾಶಯ, ಸವೆದ ಕ್ಯಾಸೆಟ್ಟಿನ ಸಿನಿಮಾ, ಕೆಳಗೆ ಸೀರೆ ಅಂಗಡಿ ಮತ್ತು ಟೈರು ಅಂಗಡಿಯ ಓಡುವ ಅಕ್ಷರ. ನಡುವೆ ಊರಿನ ‘ಕುರುಕ್ಷೇತ್ರ’ದ ರೆಕಾರ್ಡಿಂಗು: ಕ್ಯಾಮೆರಾ ಹಿಡಿದವನು ನಿದ್ದೆಗೆ ಜಾರಿದಾಗ ಭೀಮನ ಬದಲು ಅರ್ಧ ಗಂಟೆ ಭೀಮನ ಕಾಲು. ನಟ ಈಗ ತನ್ನ ಆಭಾಸವನ್ನು ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಕೂತು ತಾನೇ ನೋಡುವಂತಾದ. ಪ್ರೇಕ್ಷಕನೂ ಪಾತ್ರಧಾರಿಯೂ ಒಂದೇ ಸೋಫಾದಲ್ಲಿ ಕೂತದ್ದು ಈ ಚರಿತ್ರೆಯಲ್ಲಿ ದೊಡ್ಡ ಗಳಿಗೆ ಎಂದು ನಾನು ಭಾವಿಸುತ್ತೇನೆ. ಸಣ್ಣ ಊರುಗಳಿಗೆ 2017ರ ಗಡುವಿನೊಂದಿಗೆ ಬಂದ ಡಿಜಿಟಲ್ ಪೆಟ್ಟಿಗೆ, ಅದಕ್ಕೆ ಮೊದಲೇ ಬಂದ ಡಿಶ್ ಸೇರಿ ಈ ಚಾನೆಲ್ಲುಗಳನ್ನು ಸೊರಗಿಸಿದವು.

ಕೇಳುವ ಹಾಸ್ಯದ ಎಳೆ ಇಷ್ಟು ತೊಡಕಿನದಲ್ಲ. ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದಲ್ಲಿ ಆಯಾ ದಿನದ ಸುದ್ದಿಯನ್ನು ಆ ರಾತ್ರಿಯೇ ನಾಟಕಕ್ಕೆ ಸೇರಿಸಿ ಆಡುತ್ತಿದ್ದರು, ಕ್ಯಾಸೆಟ್ಟಿನ ಕಾಲಕ್ಕೆ ಆ ಮಾತುಗಾರಿಕೆ ಮನೆಮನೆಗೆ ಬಂತು. ಗಂಗಾವತಿ ಪ್ರಾಣೇಶರ ಭಾಷಣಗಳೂ ಹಾಗೆಯೇ ಕೇಳುಗರನ್ನು ಗಳಿಸಿದವು. ರೇಷ್ಮೆಯ ಹುಳುಮನೆಯಲ್ಲಿ ಸೊಪ್ಪು ಹಾಕುವವರ ಕೈ ಬಿಡುವಿಲ್ಲ, ಕಿವಿ ಬಿಡುವಾಗಿದೆ. ಅಂಥ ಕೆಲಸಕ್ಕೆ ಕೇಳುವ ನಗುವೇ ಹೊಂದುತ್ತದೆ. 2018ರಲ್ಲಿ ಬಂದ ‘ತಲೆ-ಹರಟೆ’ ಪಾಡ್‌ಕಾಸ್ಟ್ ಹಾಸ್ಯಕ್ಕೇ ಮೀಸಲಲ್ಲದಿದ್ದರೂ ಹೆಸರಲ್ಲೇ ಕಟ್ಟೆಯ ಮೇಲಿನ ಸಲಿಗೆಯನ್ನು ಬಯಸಿತು.

ಪಕ್ಕದ ಮಂಡ್ಯ ಜಿಲ್ಲೆಯ ಒಂದು ಪ್ರಸಂಗವನ್ನು ಇಲ್ಲಿ ಬಿಡುವಂತಿಲ್ಲ. ರಾಮ್ ರೆಡ್ಡಿ ಅವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ನಟನೆ ಕಲಿಯದ ಹಳ್ಳಿಗರೇ ಅದರ ಪಾತ್ರಧಾರಿಗಳು. ಅವರು ಅವರಾಗಿಯೇ ಇದ್ದದ್ದು ಅದರ ಸೊಗಸು. ಅದರ ಹಿಂದೆಯೇ 2016ರಲ್ಲಿ ‘ತರ್ಲೆ ವಿಲೇಜ್’ ಮೊದಲಾದ ಚಿತ್ರಗಳು ‘ತಿಥಿ’ಯ ‘ಗಡ್ಡಪ್ಪ’, ‘ಸೆಂಚುರಿ ಗೌಡ’ ಪಾತ್ರಧಾರಿಗಳನ್ನು ಕರೆದುಕೊಂಡು ಹೋದವು. ಅಲ್ಲಿ ಆ ಹಿರಿಯರು ತಮಾಷೆಯ ಮುದುಕರಾಗಿ ಅಪರಿಚಿತರ ಮುಂದೆ ನಿಂತರು. ಅದೇ ಗಡ್ಡ, ಅದೇ ಮಾತು. ನಗುವವರು ಮಾತ್ರ ಬೇರೆ. ಅವರು ಬೆಳಗಾದರೆ ಮುಖ ನೋಡಬೇಕಾದವರಲ್ಲ.

ನಾಟಕ ಇನ್ನೂ ನಿಂತಿಲ್ಲ. ಈಗ ಅಟ್ಟಣೆಯ ಮುಂದಿನ ಬಿದಿರಿಗೆ ಒಂದು ಮೊಬೈಲು ಕಟ್ಟಿರುತ್ತಾರೆ, ಬೆಂಗಳೂರಿನಲ್ಲಿರುವ ಮಕ್ಕಳು ಅಲ್ಲಿಂದಲೇ ನೋಡಲೆಂದು. ಆದರೆ ಆ ಮೊಬೈಲಿನ ಹಿಂದೆ ಯಾರು ಯಾರು ಕೂತಿದ್ದಾರೆಂದು ರಂಗದ ಮೇಲಿದ್ದವನಿಗೆ ಗೊತ್ತಾಗುವುದಿಲ್ಲ. ಬಣ್ಣದ ಕೋಣೆಯಲ್ಲಿ ದುರ್ಯೋಧನ ತಲೆ ಬಗ್ಗಿಸಿ ಕೂತು, ಕಿರೀಟದ ದಾರವನ್ನು ಇನ್ನೊಂದು ಸುತ್ತು ಬಿಗಿ ಮಾಡಣ್ಣ ಎನ್ನುತ್ತಾನೆ.