ಮುರಕಲ್ಲಿನ ಗುಡ್ಡೆಯಲ್ಲಿ ಮನೆತೋಟ

ಪುತ್ತೂರು, ಸುಳ್ಯ, ಕಡಬದ ಕಡೆ ಮನೆಯ ಹಿಂದೆ ತೋಟ ಮಾಡುವುದೆಂದರೆ ಮೊದಲು ಗುಡ್ಡೆ ಕಡಿದು ಕಲ್ಲು ಕಟ್ಟುವ ಕೆಲಸ. ಗಿಡ ನೆಡುವುದು ಆಮೇಲಿನ ಮಾತು. ಕೇರಳ ಗಡಿಯ ಈಶ್ವರಮಂಗಲದ ಸುತ್ತ ಸಪಾಟು ನೆಲ ಕಡಿಮೆ. ತಗ್ಗಿನಲ್ಲಿ ಬೈಲು ಗದ್ದೆ, ಅದರ ಮೇಲೆ ಮಜಲು, ಇನ್ನೂ ಮೇಲೆ ಬೆಟ್ಟು, ಗುಡ್ಡೆ ಏರತೊಡಗುವಲ್ಲಿ ಮನೆ. ಒಳ್ಳೆಯ ಮಣ್ಣೆಲ್ಲ ಭತ್ತಕ್ಕೆ ಹೋಗುತ್ತಿತ್ತು. ಹಣ್ಣಿನ ಮರಕ್ಕೆ, ಮಳೆಗಾಲದ ತರಕಾರಿಗೆ ಉಳಿಯುತ್ತಿದ್ದುದು ಹಿಂಬದಿಯ ಇಳಿಜಾರು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಡ್ಡ ಕಟ್ಟದೆ ಬಿಟ್ಟ ಇಳಿಜಾರಿನ ಮೇಲ್ಮಣ್ಣು ಆಟಿ ತಿಂಗಳು ಕಳೆಯುವಷ್ಟರಲ್ಲಿ ತೋಡು ಸೇರಿರುತ್ತದೆ.

ಕಟ್ಟಲು ಬೇಕಾದ ಕಲ್ಲನ್ನು ಗುಡ್ಡೆಯೇ ಕೊಟ್ಟಿತು. ಮುರಕಲ್ಲು ನೆಲದೊಳಗಿರುವಾಗ ಮೆತ್ತಗಿರುತ್ತದೆ, ಕೊಡಲಿಯಿಂದ ಕಡಿದು ತೆಗೆಯಬಹುದು. ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಪ್ರವಾಸಿ ಫ್ರಾನ್ಸಿಸ್ ಬುಕನನ್ 1800ರ ಕೊನೆಗೆ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, ಮರುವರ್ಷದ ಆರಂಭದಲ್ಲಿ ತುಳುನಾಡನ್ನು ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಲ್ಯಾಟರೈಟ್ ಎಂಬ ಹೆಸರು ಭೂವಿಜ್ಞಾನಕ್ಕೆ ಬಂತು. ಇಲ್ಲಿ ಕಲ್ಲು ಕಡಿಯುವವರಿಗೆ ಅದರ ಗುಣ ಅಷ್ಟರಲ್ಲಾಗಲೇ ತಲೆಮಾರುಗಳಿಂದ ಗೊತ್ತಿತ್ತು.

ತೋಟದ ಕಟ್ಟೆಗೆ ಗಾರೆ ಹಾಕುವುದಿಲ್ಲ. ಬುಡಕ್ಕೆ ದೊಡ್ಡ ಕಲ್ಲು ಕೂರಿಸಿ, ಮೇಲಿನ ಸಾಲುಗಳನ್ನು ಗುಡ್ಡೆಯ ಕಡೆಗೆ ಸ್ವಲ್ಪ ಒರಗಿಸುತ್ತಾ ಏರಿಸಬೇಕು. ಸಂದಿಗೆ ಚಿಕ್ಕ ಕಲ್ಲು ತುರುಕಬೇಕು. ಹಿಂದಿನ ಮಣ್ಣು ಕುಡಿದ ನೀರು ಕಲ್ಲುಗಳ ನಡುವೆ ಒಸರಿ ಹೊರಗೆ ಬರುವುದರಿಂದ ಬರೆ, ಅಂದರೆ ಗುಡ್ಡೆ ಕಡಿದ ಮಣ್ಣಿನ ಗೋಡೆ, ಜರಿಯುವುದಿಲ್ಲ. ಈ ಕಾಲದಲ್ಲಿ ಸಿಮೆಂಟು ಮೆತ್ತಿ ನೀರಿನ ದಾರಿ ಬಿಡದೆ ಕಟ್ಟಿದ ಗೋಡೆಗಳು ಜೋರು ಮಳೆಗೆ ಉಬ್ಬಿ ಬೀಳುವುದನ್ನು ನೋಡಿದರೆ, ಹಳೆಯ ಕೈಕೆಲಸದ ಲೆಕ್ಕಾಚಾರ ಎಷ್ಟು ಸರಿಯಿತ್ತೆಂದು ತಿಳಿಯುತ್ತದೆ.

ಬೇಸಿಗೆಯ ನೀರಿಗೆ ಸುರಂಗ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಒಬ್ಬನು ನಿಂತು ಅಗೆಯುವಷ್ಟು ಎತ್ತರಕ್ಕೆ ಕೊರೆದ ಈ ಬಾವಿಯಿಂದ ನೀರು ತಾನಾಗಿಯೇ ಹರಿದು ಕೆರೆಗೆ ಬೀಳುತ್ತದೆ. ಪಡ್ರೆ, ಬಾಯಾರು, ಮಾಣಿಲದ ಕಡೆ ಇವು ಹೆಚ್ಚು. ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಯಲ್ಲಿ ನೀರು ಮೆಟ್ಟಿಲಂತೆ ಕಟ್ಟಿದ ತಟ್ಟಿನಿಂದ ತಟ್ಟಿಗೆ ಇಳಿಯುತ್ತಿತ್ತು. ಗೊಬ್ಬರದ ಸೊಪ್ಪು ಬರುತ್ತಿದ್ದುದು ಕುಮ್ಕಿಯಿಂದ: ಕಂದಾಯ ಕಟ್ಟುವ ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರಕಾರಿ ಗುಡ್ಡೆಯಲ್ಲಿ ಸೊಪ್ಪು, ಸೌದೆ ತೆಗೆಯುವ ಹಕ್ಕು ವರ್ಗದಾರನಿಗಿತ್ತು.

ಮೇಲಿನ ತಟ್ಟುಗಳಲ್ಲಿ ಹಲಸು, ಮಾವು, ಪುನರ್ಪುಳಿ. ಕೆಳಗೆ ಬಾಳೆ, ತೆಂಗು. ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ, ಕೆಸು. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರ, ಸುಡುಮಣ್ಣು ಹಾಕಿದ ಸಾಲಿಗೆ ಬೆಂಡೆ, ಹೀರೆ, ಪಡುವಲ, ಅಲಸಂಡೆಯ ಬೀಜ ಬೀಳುತ್ತಿತ್ತು. ಸೌತೆ ಮಾತ್ರ ಕೊಯ್ಲಾದ ಗದ್ದೆಯಲ್ಲಿ ಬೇಸಿಗೆಗೆ ಬೆಳೆದು, ಬಾಳೆಹಗ್ಗದಲ್ಲಿ ಕಟ್ಟಿ ಅಟ್ಟದಡಿ ನೇತುಹಾಕಿದ ಮೇಲೆ ಮಳೆಗಾಲದ ಸಾಂಬಾರಿಗೆ ಒದಗುತ್ತಿತ್ತು.

ಇಂಥ ತೋಟ ಎಲ್ಲರಿಗೂ ಇರಲಿಲ್ಲ. ಕಲ್ಲಿನ ಕಟ್ಟೆ ಹತ್ತಾರು ವರ್ಷದ ಹೂಡಿಕೆ. ಗೇಣಿ ಕಾಯಂ ಆಗಿದ್ದ ಮೂಲಗೇಣಿದಾರ ಅದಕ್ಕೆ ಕೈಹಾಕಬಹುದಿತ್ತು. ಯಾವಾಗ ಬೇಕಾದರೂ ಒಕ್ಕಲೆಬ್ಬಿಸಬಹುದಾದ ಚಾಲಗೇಣಿದಾರ ಯಾವ ಧೈರ್ಯದಲ್ಲಿ ಮರ ನೆಟ್ಟು ಬರೆ ಕಟ್ಟಿಯಾನು? ಊರಿನ ಕಟ್ಟೆಗಳನ್ನು ಕಟ್ಟಿದ ಕೂಲಿಯಾಳಿಗೆ ತನ್ನದೆಂಬ ನೆಲವೇ ಇರಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಈ ಸೀಮೆಯ ಮನೆತೋಟದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ನೆಲ ಕೈಗೆ ಬಂದರೆ ಏನಾಗಬಹುದೆಂಬುದಕ್ಕೆ ನೆರೆಯ ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಉದಾಹರಣೆ. ಬೇರೆಯವರ ತೋಟದಲ್ಲಿ ಅಡಿಕೆ, ತೆಂಗಿನ ಮರ ಏರುತ್ತಿದ್ದ ಅವರಿಗೆ 1978ರಲ್ಲಿ ಜಮೀನುದಾರ ಮಹಾಬಲ ಭಟ್ಟರು ಎರಡು ಎಕರೆ ಬೋಳು ಗುಡ್ಡೆ ಕೊಟ್ಟರು. ಹಗಲು ಕೂಲಿ ಮುಗಿಸಿ, ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬರೇ ಸುರಂಗ ಕೊರೆದರು. ಒಂದರ ಹಿಂದೆ ಒಂದು ಸುರಂಗ ಒಣಗಿಯೇ ಉಳಿದರೂ ಬಿಡದೆ ಅಗೆದು ಕೊನೆಗೆ ನೀರು ಕಂಡರು. ಮುರಕಲ್ಲು ಹೊತ್ತು ತಂದು ತಟ್ಟು ಕಟ್ಟಿ, ಅಡಿಕೆ, ತೆಂಗು, ಬಾಳೆ, ಕಾಳುಮೆಣಸು ಬೆಳೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುತ್ತೂರಿನಿಂದ 1988ರಲ್ಲಿ ಹೊರಡತೊಡಗಿದ ‘ಅಡಿಕೆ ಪತ್ರಿಕೆ’ ಇಂಥ ಕೃಷಿಕರ ಅನುಭವವನ್ನು ಕೃಷಿಕರ ಕೈಯಿಂದಲೇ ಬರೆಸಿದ್ದು ದೊಡ್ಡ ಕೆಲಸ.

ಪಂಪು, ಕೊಳವೆಬಾವಿ ಬಂದ ಮೇಲೆ ದಂಬೆ ಹೋಯಿತು, ಹೊಸ ಸುರಂಗ ಕೊರೆಯುವವರು ವಿರಳವಾದರು. ಗುಡ್ಡೆ ತಟ್ಟು ಮಾಡುವುದು ಈಗ ಜೆಸಿಬಿಯ ಕೆಲಸ. ಯಂತ್ರ ಕೊಯ್ದ ಕೆಂಪುಕಲ್ಲು ಲಾರಿಯಲ್ಲಿ ಬಂದಿಳಿಯುತ್ತದೆ. ನೇರವಾಗಿ ಕಡಿದಿಟ್ಟ ಬರೆಗೆ ಬುಡದ ಕಲ್ಲುಕಟ್ಟೆ ಮಾತ್ರ ಇವತ್ತಿಗೂ ಬೇಕೇ ಬೇಕು.